ಚಾಕುವಿನ ಹಿಡಿಗೆ ಹತ್ತಿದ ಜಿಡ್ಡು: ತಿಕ್ಕುವ ಮೊದಲು ಹಿಡಿ ಯಾವುದರದ್ದು ನೋಡಿ

ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು, ಕತ್ತಿಯ ಅಲಗಿಗೂ ಸವರಬೇಕು. ನಮ್ಮೂರ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಹೋದ ಬೇಸಿಗೆಯಲ್ಲಿ ನಾನು ಅದನ್ನು ಮರೆತೆ. ಜೇಬಿನಲ್ಲಿದ್ದ ಮಡಚುವ ಚಾಕುವನ್ನೇ ತೆಗೆದು ಹಣ್ಣಿನ ಮುಂದೆ ಕೂತೆ. ಹಣ್ಣು ಮುಗಿಯಿತು, ಚಾಕು ಮಡಚಿ ಜೇಬಿಗೆ ಹಾಕಿಕೊಂಡೆ. ಮರುದಿನ ತೆಗೆದು ನೋಡಿದರೆ ಅಲಗು ಹೊರಗೆ ಬರುತ್ತಿಲ್ಲ. ಮರದ ಹಿಡಿಯ ತುಂಬ ಬೂದು ಬಣ್ಣದ ಮೇಣ. ಅದಕ್ಕೆ ಅಂಟಿದ ಜೇಬಿನ ನೂಲು, ಮಣ್ಣು, ಬಸ್ ಟಿಕೆಟ್ಟಿನ ಒಂದು ಚೂರು.

ಸೋಪು ಹಾಕಿ ತಿಕ್ಕಿದೆ. ಬಿಸಿನೀರು ಸುರಿದೆ. ಮೇಣ ಕದಲಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಜ್ಜಿ ಅಲ್ಲಿಂದಲೇ, "ನೀರು ಹಾಕಿದ್ರೆ ಮೇಣ ಹೋಗ್ತದಾ ಮಾರಾಯ? ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಉಜ್ಜು" ಎಂದರು. ಹಾಗೇ ಮಾಡಿದೆ. ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಉಜ್ಜಿದರೆ ಮೇಣ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬಂತು. ಆಮೇಲೆ ಎಣ್ಣೆಯ ಪಸೆ ತೆಗೆಯಲು ಸೋಪು ಸಾಕಾಯಿತು.

ಅಜ್ಜಿ ಹೇಳಿದ್ದು ರಸಾಯನಶಾಸ್ತ್ರದ ಮೊದಲ ಪಾಠ. ಕೊಳೆ ಯಾವ ಜಾತಿಯದೋ ಅದೇ ಜಾತಿಯ ದ್ರವ ಅದನ್ನು ಕರಗಿಸುತ್ತದೆ. ಉಪ್ಪು, ಸಕ್ಕರೆ, ಬೆವರು ನೀರಿನ ಜಾತಿ. ಮೇಣ, ಗ್ರೀಸು, ತುಪ್ಪ ಎಣ್ಣೆಯ ಜಾತಿ. ಪಾಠದ ಉಳಿದರ್ಧವನ್ನು ನಾನು ಇನ್ನೊಂದು ಚಾಕು ಹಾಳು ಮಾಡಿಕೊಂಡು ಕಲಿತಿದ್ದೆ. ಕೊಳೆಯನ್ನು ಕರಗಿಸುವ ದ್ರವ ಹಿಡಿಯನ್ನೂ ಕರಗಿಸಬಹುದು!

ಆ ಚಾಕುವಿಗೆ ಕೆಂಪು ಪ್ಲಾಸ್ಟಿಕ್ ಹಿಡಿ. ಮೇಲೊಂದು ಸ್ಟಿಕ್ಕರಿನ ಗೋಂದು ಉಳಿದಿತ್ತು. ಮನೆಯಲ್ಲಿದ್ದ ನೇಲ್ ಪಾಲಿಶ್ ತೆಗೆಯುವ ದ್ರವವನ್ನು ಹತ್ತಿಗೆ ಹಾಕಿ ಒರೆಸಿದೆ. ಹತ್ತಿ ಕೆಂಪಾಯಿತು. ಪರವಾಗಿಲ್ಲ, ಕೊಳೆ ಬರುತ್ತಿದೆ ಅಂದುಕೊಂಡೆ. ಇನ್ನೊಮ್ಮೆ ಒತ್ತಿದಾಗ ಹತ್ತಿಯ ಎಳೆಗಳು ಹಿಡಿಗೇ ಹೂತುಕೊಂಡವು. ಗಾಬರಿಯಿಂದ ಹೆಬ್ಬೆರಳಲ್ಲಿ ಒರೆಸಿದೆ. ಗಾಜಿನ ಹಾಗೆ ಹೊಳೆಯುತ್ತಿದ್ದ ಹಿಡಿಯ ಮೇಲೆ ನನ್ನ ಬೆರಳಿನ ಗೆರೆಗಳು ಅಚ್ಚೊತ್ತಿದವು. ಗೋಂದು ಹೋಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಅದಾದ ಮೇಲೆ ಯಾವ ಚಾಕು ತೊಳೆಯಲು ಕೂತರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹಿಡಿ ಯಾವುದರದ್ದು? ಕೊಳೆ ಯಾವುದರದ್ದು? ಇದೇ ಕ್ರಮದಲ್ಲಿ. ಕೊಳೆ ಇವತ್ತು ಹೋಗದಿದ್ದರೆ ನಾಳೆ ಹೋಗುತ್ತದೆ, ಹಿಡಿ ಹೋದರೆ ಬರುವುದಿಲ್ಲ.

ಜಿಡ್ಡು ಅಂದರೆ ಏನು

"ಮೈಗೆ ಎಣ್ಣೆ ಹಚ್ಚಿಕೊಂಡು ಮರಳಲ್ಲಿ ಹೊರಳಾಡಿದರೂ ಅಂಟುವಷ್ಟೇ ಅಂಟೋದು" ಅನ್ನುವ ಗಾದೆ ಇದೆಯಲ್ಲ, ಚಾಕುವಿನ ಹಿಡಿಯ ಮಟ್ಟಿಗೆ ಅದು ಸುಳ್ಳು. ಹಿಡಿಗೆ ಎಣ್ಣೆ ಇದ್ದರೆ ಸಿಕ್ಕಿದ್ದೆಲ್ಲ ಅಂಟುತ್ತದೆ. ನಮ್ಮ ಕೈಯ ಪಸೆ, ಬೆವರು, ಹಣ್ಣಿನ ರಸ, ಕೀಲಿಗೆ ಬಿಟ್ಟ ಎಣ್ಣೆ, ಇವೆಲ್ಲ ಮೊದಲು ತೆಳುವಾದ ಪದರವಾಗಿ ಕೂರುತ್ತವೆ. ಅದರ ಮೇಲೆ ಧೂಳು, ಜೇಬಿನ ನೂಲು, ಚರ್ಮದ ಹೊಟ್ಟು. ವರ್ಷ ಕಳೆದರೆ ಎಲ್ಲ ಸೇರಿ ಕಪ್ಪು ಮೇಣದ ಹಾಗೆ ಆಗುತ್ತದೆ.

ಇದರಲ್ಲಿ ಎಣ್ಣೆಯ ಆಟ ಗಮನಿಸಬೇಕು. ಅಗಸೆ, ಸೂರ್ಯಕಾಂತಿಯಂಥ ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೊದಲು ಅಂಟಂಟು, ಆಮೇಲೆ ವಾರ್ನಿಶ್ ಹಾಗೆ ಗಟ್ಟಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ರೆಕ್ಕೆ ಮುಟ್ಟಿ ನೋಡಿ, ಅಲ್ಲಿರುವ ಹಳದಿ ಅಂಟು ಇದೇ. ಹೊಸ ಎಣ್ಣೆಯನ್ನು ಸೋಪು ಎರಡು ನಿಮಿಷದಲ್ಲಿ ತೆಗೆಯುತ್ತದೆ. ಹೆಣೆದುಕೊಂಡ ಹಳೆಯ ಎಣ್ಣೆ ಸೋಪಿಗೆ ಸುಲಭವಾಗಿ ಬಗ್ಗುವುದಿಲ್ಲ. ತೆಂಗಿನೆಣ್ಣೆ ಬಹುಮಟ್ಟಿಗೆ ಹೀಗೆ ಗಟ್ಟಿಯಾಗುವುದಿಲ್ಲ, ಅದರ ಕೊಬ್ಬಿನಲ್ಲಿ ಶೇಕಡ 90ರಷ್ಟು ಗಾಳಿಯ ಆಮ್ಲಜನಕದ ಜೊತೆ ಸುಲಭವಾಗಿ ಸೇರದ ಜಾತಿಯದು. ಆದರೆ ಹಳಸುತ್ತದೆ, ನಾರುತ್ತದೆ. ಜೊತೆಗೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಕೀಲಿಗೆ ತೆಂಗಿನೆಣ್ಣೆ ಬಿಟ್ಟ ಚಾಕು ಡಿಸೆಂಬರಿನ ಬೆಳಿಗ್ಗೆ ಬಿಗಿಯಾದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಸೋಪು ಏನು ಮಾಡುತ್ತದೆ? ಸೋಪಿನ ಒಂದೊಂದು ಅಣುವಿಗೂ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳೆಲ್ಲ ಜಿಡ್ಡಿನ ಹನಿಗೆ ಚುಚ್ಚಿಕೊಂಡು, ತಲೆಗಳು ಹೊರಗೆ ನೀರಿನ ಕಡೆ ನಿಲ್ಲುತ್ತವೆ. ಜಿಡ್ಡಿನ ಹನಿ ನೀರಿನಲ್ಲಿ ತೇಲಿ ಹೋಗುತ್ತದೆ. ಇದಕ್ಕೆ ಸ್ವಲ್ಪ ಸಮಯ ಬೇಕು. ಹಚ್ಚಿದ ತಕ್ಷಣ ತಿಕ್ಕುವ ಬದಲು ಸೋಪು ನೊರೆಯನ್ನು ಎರಡು ಮೂರು ನಿಮಿಷ ಹಿಡಿಯ ಮೇಲೆ ಬಿಟ್ಟರೆ ಅರ್ಧ ಕೆಲಸ ತಾನೇ ಆಗಿರುತ್ತದೆ. ಅಂಟುವಾಳದ ಕಾಯಿಯಲ್ಲೂ ಸೀಗೆಕಾಯಿಯಲ್ಲೂ ಇರುವ ಸಪೋನಿನ್ ಇದೇ ಕೆಲಸ ಮಾಡುತ್ತದೆ, ಇನ್ನೂ ಮೆತ್ತಗೆ. ರೇಷ್ಮೆ ಸೀರೆ, ಚಿನ್ನ ತೊಳೆಯಲು ಅಂಟುವಾಳ ಬಳಸುತ್ತಿದ್ದುದು ಸುಮ್ನೆ ಅಲ್ಲ.

ಮೊದಲ ಸ್ನಾನ

ಯಾವ ಹಿಡಿಯೇ ಇರಲಿ, ಶುರು ಮಾಡುವುದು ನೀರಿಲ್ಲದ ಒಣ ಕೆಲಸದಿಂದ. ಚಾಕು ತೆರೆಯಿರಿ. ಅಲಗಿಗೆ ಹಳೆಯ ಬಟ್ಟೆ ಸುತ್ತಿ ಟೇಪು ಹಾಕಿ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಸೋಪು ಹತ್ತಿದ ಕೈ ಜಾರುತ್ತದೆ, ನಮ್ಮ ಗಮನವೆಲ್ಲ ಹಿಡಿಯ ಮೇಲೆ ಇರುತ್ತದೆ, ಅಲಗು ಕೆಲಸ ಮುಗಿಸುತ್ತದೆ. ಆಮೇಲೆ ಹಲ್ಲುಕಡ್ಡಿ ತೆಗೆದುಕೊಳ್ಳಿ, ಮರದ್ದು. ಸೂಜಿ, ಪಿನ್ನು ಬೇಡ, ಗೀರು ಬೀಳುತ್ತದೆ.

ಹಿಡಿಯ ಎರಡು ಪಟ್ಟಿಗಳ ನಡುವಿನ ಸಂದಿನಲ್ಲಿ ಹಲ್ಲುಕಡ್ಡಿಯನ್ನು ಕೀಲಿನ ಕಡೆಯಿಂದ ಹಿಂದಕ್ಕೆ ಎಳೆಯಿರಿ. ನಾಲ್ಕೈದು ವರ್ಷ ಜೇಬಿನಲ್ಲಿದ್ದ ಚಾಕುವಾದರೆ ತುದಿಯಲ್ಲಿ ಕಪ್ಪು ಬತ್ತಿಯಂಥದ್ದು ಸುತ್ತಿಕೊಂಡು ಬರುತ್ತದೆ. ಪ್ಯಾಂಟಿನ ನೂಲು ಮತ್ತು ಎಣ್ಣೆ ಸೇರಿದ್ದು ಅದು. ಸ್ವಿಸ್ ಮಾದರಿಯ ಚಾಕುವಾದರೆ ಹಿಡಿಯೊಳಗೆ ಸಿಕ್ಕಿಸಿಟ್ಟ ಪುಟ್ಟ ಹಲ್ಲುಕಡ್ಡಿ, ಚಿಮುಟವನ್ನು ಹೊರಗೆಳೆದು ಆ ತೂತು ನೋಡಿ. ಹಲ್ಲಿಗೆ ಹಾಕುವ ಕಡ್ಡಿ ಎಂಥ ಕಡೆ ವಾಸವಾಗಿತ್ತು ಅಂತ ಗೊತ್ತಾಗುತ್ತದೆ. ನಾನಂತೂ ಅದನ್ನು ನೋಡಿದ ಮೇಲೆ ಆ ಕಡ್ಡಿಯನ್ನು ಬಾಯಿಗಿಟ್ಟಿಲ್ಲ. ಒಳಗೆ ಸಡಿಲವಾದ ಧೂಳಿದ್ದರೆ ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಹಾರುತ್ತದೆ. ಕಣ್ಣು ದೂರ ಇರಲಿ.

ಇಷ್ಟಾದ ಮೇಲೆ ನೀರು. ಒಂದು ಬಟ್ಟಲು ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಹಳೆಯ ಮೆತ್ತನೆ ಟೂತ್ ಬ್ರಶ್ ಅದ್ದಿ ಸಣ್ಣ ಸುತ್ತು ಸುತ್ತಿಸಿ ಉಜ್ಜಿ. ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ನೋಡಿ. ಕಂದು, ಕಪ್ಪು ಬಂದರೆ ಕೊಳೆ. ಹಿಡಿಯ ಬಣ್ಣವೇ ಬಟ್ಟೆಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ನನ್ನ ಕೆಂಪು ಹತ್ತಿ ಅವತ್ತು ಇದನ್ನೇ ಹೇಳಿತ್ತು, ನಾನು ಕೇಳಲಿಲ್ಲ.

ಹಸಿರು ಸ್ಕ್ರಬ್ಬರ್ ಬೇಡ. ಅದರ ನಾರಿನಲ್ಲಿ ಗಟ್ಟಿಯಾದ ಪುಡಿ ಸೇರಿಸಿರುತ್ತಾರೆ, ಪಾತ್ರೆಯ ತಳಕ್ಕೆ ಸರಿ, ಹೊಳಪಿನ ಹಿಡಿಗೆ ಮಂಜು ಕವಿಸುತ್ತದೆ. ಟೂತ್‌ಪೇಸ್ಟಿನಲ್ಲೂ ನುಣ್ಣನೆ ಪುಡಿ ಇದೆ. ಪ್ಲಾಸ್ಟಿಕ್ ಹಿಡಿಯ ಸಣ್ಣ ಗೀರು ಮಾಸಲು ಅದು ಒಳ್ಳೆಯದೇ, ಆದರೆ ಅಚ್ಚು ಹಾಕಿದ ಹೆಸರು, ಚಿತ್ರ ಇದ್ದರೆ ಅದನ್ನೂ ಮಾಸಿಸುತ್ತದೆ. ಪಾತ್ರೆ ತೊಳೆಯುವ ಮಷಿನ್ನಿಗೆ ಯಾವ ಮಡಚುವ ಚಾಕುವನ್ನೂ ಹಾಕಬೇಡಿ. ಬಿಸಿ, ಕ್ಷಾರದ ಪುಡಿ, ಗಂಟೆಗಟ್ಟಲೆ ನೀರು. ಮೂರೂ ಹಿಡಿಗೆ ಶತ್ರುಗಳೇ.

ಕೆಂಪು ಪ್ಲಾಸ್ಟಿಕ್ಕಿನ ಕಥೆ

ಒಂದೇ ಚಾಕುವಿನ ಹಿಡಿ ನೂರು ವರ್ಷದಲ್ಲಿ ಎಷ್ಟು ವೇಷ ಬದಲಿಸುತ್ತದೆ ಅನ್ನುವುದಕ್ಕೆ ಸ್ವಿಸ್ ಆರ್ಮಿ ಚಾಕು ಒಳ್ಳೆಯ ಉದಾಹರಣೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್‌ಲೆಂಡಿನ ಇಬಾಖ್ ಎಂಬಲ್ಲಿ ಚಾಕುವಿನ ಕೆಲಸ ಶುರು ಮಾಡಿದರು. ಅದೇ ಮುಂದೆ ವಿಕ್ಟೋರಿನಾಕ್ಸ್ ಆಯಿತು. 1891ರಲ್ಲಿ ಸೈನ್ಯಕ್ಕೆ ಚಾಕು ಕೊಟ್ಟಾಗ ಹಿಡಿ ಕಪ್ಪಾಗಿಸಿದ ಮರದ್ದು. 1961ರ ಸೈನಿಕರ ಚಾಕುವಿಗೆ ಅಲ್ಯೂಮಿನಿಯಂ ಹಿಡಿ ಬಂತು. ನಾವೆಲ್ಲ ನೋಡುವ ಕೆಂಪು ಹೊಳಪಿನ ಹಿಡಿಯ ವಸ್ತುವಿನ ಹೆಸರು ಸೆಲಿಡಾರ್. ಮೂಲದಲ್ಲಿ ಇದು ಗಿಡದ ನಾರು. ಸೆಲ್ಯುಲೋಸ್ ಅನ್ನು ಆಮ್ಲಗಳ ಜೊತೆ ಸೇರಿಸಿ ಮಾಡಿದ ಪ್ಲಾಸ್ಟಿಕ್. ದಪ್ಪ ಫ್ರೇಮಿನ ಕನ್ನಡಕಗಳ ಅಸಿಟೇಟ್ ಕೂಡ ಇದರ ಹತ್ತಿರದ ನೆಂಟ.

ಈ ಮನೆತನದ ಹಿರಿಯ ಸೆಲ್ಯುಲಾಯ್ಡ್. 1870ರ ಸುಮಾರಿಗೆ ಅಮೆರಿಕದ ಜಾನ್ ವೆಸ್ಲಿ ಹಯಾಟ್ ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಸೇರಿಸಿ ಅದನ್ನು ಬಳಕೆಗೆ ತಂದರು. ದಂತ, ಆಮೆಚಿಪ್ಪಿನ ಹಾಗೆ ಕಾಣಿಸಬಹುದು ಅನ್ನುವ ಕಾರಣಕ್ಕೆ ಹಳೆಯ ಜೇಬುಚಾಕುಗಳ ಹಿಡಿಗೆ ಬಹಳ ಬಳಕೆಯಾಯಿತು.

ಈಗ ನನ್ನ ತಪ್ಪಿಗೆ ಬರೋಣ. ನೇಲ್ ಪಾಲಿಶ್ ಅಂದರೆ ಏನು? ಅದರ ಗಟ್ಟಿ ಪದರ ಸಾಮಾನ್ಯವಾಗಿ ನೈಟ್ರೋಸೆಲ್ಯುಲೋಸ್. ಅದನ್ನು ತೆಗೆಯುವ ದ್ರವದಲ್ಲಿ ಅಸಿಟೋನ್ ಅಥವಾ ಅದರ ಹಾಗೆಯೇ ಕೆಲಸ ಮಾಡುವ ಇನ್ನೊಂದು ದ್ರವ ಇರುತ್ತದೆ. ಅಂದರೆ ಈ ಸೆಲ್ಯುಲೋಸ್ ಮನೆತನವನ್ನು ಕರಗಿಸಲಿಕ್ಕೆಂದೇ ಮಾಡಿದ ದ್ರವವನ್ನು ನಾನು ಅದೇ ಮನೆತನದ ಹಿಡಿಗೆ ಹಚ್ಚಿದ್ದೆ! ಬಾಟಲಿಯ ಮೇಲೆ ಬರೆದಿರುವ ಕೆಲಸವನ್ನೇ ಅದು ಮಾಡಿತು. ಪೇಂಟಿಗೆ ಹಾಕುವ ಥಿನ್ನರ್ ಕೂಡ ಇಂಥದ್ದೇ. ಚಾರಣಕ್ಕೆ ಹೋಗುವವರು ಇನ್ನೊಂದು ನೆನಪಿಡಿ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಇಂಥ ಹಿಡಿ ಹಿಡಿದರೆ ಅದೂ ಮೆತ್ತಗಾಗುತ್ತದೆ. ವಾಚಿನ ಗಾಜು, ಕನ್ನಡಕದ ಫ್ರೇಮೂ ಅಷ್ಟೇ.

ಹಾಗಾದರೆ ಸ್ಟಿಕ್ಕರ್ ಗೋಂದಿಗೆ ಏನು ಮಾಡಬೇಕಿತ್ತು? ಅಜ್ಜಿಯ ಮದ್ದೇ. ಒಂದು ಹನಿ ತೆಂಗಿನೆಣ್ಣೆ, ಹತ್ತು ನಿಮಿಷ, ಬೆರಳಲ್ಲಿ ಉಜ್ಜುವುದು, ಆಮೇಲೆ ಸೋಪು ನೀರು. ಕೆಂಪು ಹಿಡಿಗೆ ಇಷ್ಟು ಸಾಕು. ಕೀಲು ಬಿಗಿಯಾಗಿದ್ದರೆ ಚಾಕುವನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಅಲಗುಗಳನ್ನು ಹತ್ತಾರು ಸಲ ತೆರೆದು ಮುಚ್ಚಿ, ಒರೆಸಿ, ಒಣಗಿಸಿ, ಒಂದು ಹನಿ ಎಣ್ಣೆ ಬಿಡಬೇಕು ಅಂತ ತಯಾರಕರೇ ಹೇಳುತ್ತಾರೆ. ಹಲಸಿನ ಮೇಣ ಅಲ್ಲದ ಯಾವ ಅಂಟಿಗೂ ಇದು ನನಗೆ ಕೈಕೊಟ್ಟಿಲ್ಲ.

ಹಳೆಯ ಸೆಲ್ಯುಲಾಯ್ಡ್ ಹಿಡಿ ಸಿಕ್ಕರೆ ಮಾತ್ರ ಬೇರೆ ಲೆಕ್ಕ. ಹಿಡಿಯನ್ನು ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರಬಹುದು. ಬಂದರೆ ಸೆಲ್ಯುಲಾಯ್ಡ್ ಇರಬಹುದು. ಇದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡುವ ಸಾಹಸ ಬೇಡ. ವಯಸ್ಸಾದಂತೆ ಇದು ತಾನಾಗಿ ಒಡೆದು ಆಮ್ಲದ ಹೊಗೆ ಬಿಡುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟ ಚಾಕುವಿನ ಅಲಗು ಹಿಡಿಯ ಪಕ್ಕದಲ್ಲೇ ತುಕ್ಕು ಹಿಡಿದಿದ್ದರೆ, ಹಿತ್ತಾಳೆ ಹಸಿರಾಗಿದ್ದರೆ, ಹಿಡಿಯಲ್ಲಿ ಬಿರುಕು ಕಂಡರೆ ರೋಗ ಶುರುವಾಗಿದೆ ಅಂತ. ತೊಳೆದು ವಾಸಿಯಾಗುವ ರೋಗ ಅಲ್ಲ ಇದು. ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಕಡೆ, ಬೇರೆ ಚಾಕುಗಳಿಂದ ದೂರ ಇಡಿ.

ಮರ, ಕೊಂಬು, ಮೂಳೆ

ಮರದ ಹಿಡಿಗೆ ನೀರು ಕಂಡರೆ ಬಾಯಾರಿಕೆ. ಫ್ರಾನ್ಸಿನ ಸವಾಯ್ ಪ್ರದೇಶದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ ಚಾಕು ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತದೆ. ಬೀಚ್ ಮರದ ಒಂದೇ ತುಂಡಿನ ಹಿಡಿ, ಅದರಲ್ಲೊಂದು ಸೀಳು, ಸೀಳಿನಲ್ಲಿ ಅಲಗು. ಅದು ನೀರಿನಲ್ಲಿ ನೆನೆದರೆ ಮರ ಊದಿ ಸೀಳು ಬಿಗಿಯಾಗಿ ಅಲಗು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಸವಾಯ್ ಜನ ಹಿಡಿಯ ಹಿಂತುದಿಯನ್ನು ಮೇಜಿಗೆ ಪಟಕ್ಕನೆ ಕುಟ್ಟುತ್ತಾರೆ, ಅಲಗು ಬೆರಳಿಗೆ ಸಿಗುವಷ್ಟು ಹೊರಗೆ ಇಣುಕುತ್ತದೆ. ಈ ಉಪಾಯಕ್ಕೆ ಅಲ್ಲಿನವರದೇ ಹೆಸರು, 'ಕು ದ್ಯು ಸವಾಯಾರ್', ಸವಾಯಿಯವನ ಪೆಟ್ಟು ಅಂತ. ನನ್ನ ಹಲಸಿನ ಚಾಕುವಿಗೆ ಬಿಸಿನೀರು ಸುರಿದಾಗ ಅದು ಇನ್ನಷ್ಟು ಬಿಗಿಯಾದದ್ದು ಯಾಕೆ ಅಂತ ಇದನ್ನು ತಿಳಿದ ಮೇಲೆ ಹೊಳೆಯಿತು. ಮೇಣದ ಜೊತೆ ಮರವೂ ಅಲಗನ್ನು ಹಿಡಿದಿತ್ತು.

ಹಾಗಾಗಿ ಮರಕ್ಕೆ ನೆನೆಸುವ ಸ್ನಾನ ಇಲ್ಲ. ಬಟ್ಟೆಯನ್ನು ಸೋಪು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಬೇಕು. ಬೆನ್ನಿಗೇ ಬರಿ ನೀರಿನ ಬಟ್ಟೆ, ಅದರ ಬೆನ್ನಿಗೆ ಒಣ ಬಟ್ಟೆ. ನೆರಳಲ್ಲಿ, ಫ್ಯಾನಿನ ಕೆಳಗೆ ಒಂದು ರಾತ್ರಿ. ಬಿಸಿಲಿಗಿಟ್ಟರೆ ಒಂದು ಮುಖ ಬೇಗ ಒಣಗಿ ಸೀಳುತ್ತದೆ. ಒಣಗಿದ ಮೇಲೆ ಮರ ಬಿಳಚಿದ ಹಾಗೆ ಕಂಡರೆ ಅಗಸೆ ಎಣ್ಣೆ ಎರಡು ಹನಿ ತೀಡಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ಹೆಣೆದುಕೊಂಡು ಗಟ್ಟಿಯಾಗುತ್ತದೆ ಅಂದೆನಲ್ಲ, ಮರದ ಒಳಗೆ ಅದೇ ಗುಣ ಕಾವಲಾಗುತ್ತದೆ. ಮೇಲೆ ಉಳಿದರೆ ಮಾತ್ರ ಅಂಟು. ಒಂದು ಎಚ್ಚರಿಕೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಹೆಣೆದುಕೊಳ್ಳುವಾಗ ಹುಟ್ಟುವ ಶಾಖಕ್ಕೆ ಹೊರಹೋಗಲು ದಾರಿ ಇಲ್ಲದೆ ಅದು ತಾನೇ ಹೊತ್ತಿಕೊಂಡದ್ದುಂಟು. ಹರಡಿ ಒಣಗಿಸಿ ಆಮೇಲೆ ಎಸೆಯಿರಿ.

ಕೊರೋನಾ ಕಾಲದಲ್ಲಿ ಕಂಡದ್ದಕ್ಕೆಲ್ಲ ಸ್ಯಾನಿಟೈಸರ್ ಹೊಡೆಯುವ ಚಾಳಿ ಬಂತಲ್ಲ, ಅದು ಕೆಲವರಲ್ಲಿ ಇನ್ನೂ ಹೋಗಿಲ್ಲ. ಮರದ ಹಿಡಿಗೆ ಅದನ್ನು ಹೊಡೆಯುವ ಮೊದಲು ಚನ್ನಪಟ್ಟಣದ ಗೊಂಬೆ ನೆನಪಿಸಿಕೊಳ್ಳಿ. ಅದರ ಹೊಳಪು ಅರಗಿನದು. ಮರದ ಸಾಮಾನಿಗೆ ಹಚ್ಚುವ ಫ್ರೆಂಚ್ ಪಾಲಿಶ್ ಕೂಡ ಅರಗೇ, ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುತ್ತಾರೆ. ಸ್ಪಿರಿಟ್ಟಿನಲ್ಲಿ ಕರಗಿ ಬಂದದ್ದು ಸ್ಪಿರಿಟ್ಟಿನಲ್ಲಿ ಕರಗಿ ಹೋಗುತ್ತದೆ ಕೂಡ. ಸ್ಯಾನಿಟೈಸರಿನಲ್ಲಿ ಬಹುಪಾಲು ಇರುವುದು ಆಲ್ಕೋಹಾಲೇ. ಹಿಡಿ ಅಂಟಂಟಾಗಿ, ಬೆಳ್ಳಗೆ ಮಚ್ಚೆ ಬೀಳುತ್ತದೆ. ಬೀಟೆ ಮರವಾದರೆ ಪಾಲಿಶ್ ಇಲ್ಲದಿದ್ದರೂ ಮರದೊಳಗಿನ ಬಣ್ಣವೇ ಆಲ್ಕೋಹಾಲಿಗೆ ಬಿಟ್ಟುಕೊಂಡು ಬಟ್ಟೆ ನೇರಳೆ ಕಂದಾಗುತ್ತದೆ.

ಕೊಂಬು ಮತ್ತು ಮೂಳೆ ಪಕ್ಕಪಕ್ಕ ಇಟ್ಟರೆ ಒಂದೇ ಥರ ಕಾಣಬಹುದು. ಗುಣದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಕೋಣ, ಎಮ್ಮೆಯ ಕೊಂಬು ನಮ್ಮ ಉಗುರು, ಕೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನು. ಅದಕ್ಕೆ ಕ್ಷಾರವಾದ ಸೋಡಾ ಆಗುವುದಿಲ್ಲ, ಬಿಸಿನೀರಿಗೆ ಮೆತ್ತಗಾಗಿ ಬಾಗುತ್ತದೆ, ನೆನೆದು ಒಣಗಿದರೆ ಪದರ ಪದರವಾಗಿ ಏಳುತ್ತದೆ. ಮೂಳೆ ಅರ್ಧಕ್ಕಿಂತ ಜಾಸ್ತಿ ಕ್ಯಾಲ್ಸಿಯಂ ಇರುವ ಖನಿಜ. ಅದಕ್ಕೆ ಹುಳಿ ಆಗುವುದಿಲ್ಲ. ಕೋಳಿ ಮೂಳೆಯೊಂದನ್ನು ವಿನೆಗರಿನಲ್ಲಿ ಒಂದು ವಾರ ಇಟ್ಟರೆ ರಬ್ಬರಿನ ಹಾಗೆ ಬಾಗುತ್ತದೆ. ನಿಂಬೆರಸ ಹಚ್ಚಿದ ಮೂಳೆ ಹಿಡಿಗೂ ಅದೇ ಗತಿ, ಸಣ್ಣ ಪ್ರಮಾಣದಲ್ಲಿ. ಜಿಂಕೆಯ ಕೊಂಬು ಅನ್ನುತ್ತೇವಲ್ಲ, ಅದು ಹೆಸರಿಗೆ ಕೊಂಬು, ವಸ್ತು ಮೂಳೆ. ಎರಡಕ್ಕೂ ಅಂಟುವಾಳದ ನೀರು ಹಿಂಡಿದ ಬಟ್ಟೆ, ತಕ್ಷಣ ಒಣ ಬಟ್ಟೆ. ಮೂಳೆಯ ಸಣ್ಣ ರಂಧ್ರಗಳಲ್ಲಿ ಇಳಿದ ಹಳದಿಯನ್ನು ನಾನು ತೆಗೆಯಲು ಹೋಗುವುದಿಲ್ಲ. ಹತ್ತಾರು ವರ್ಷ ಕೈಯಾಡಿದ ಬಣ್ಣ ಅದು, ಹೋದರೆ ಹೊಸ ಚಾಕು ಆಗುವುದಿಲ್ಲ, ಬಣ್ಣಗೆಟ್ಟ ಹಳೆ ಚಾಕು ಆಗುತ್ತದೆ.

ಲೋಹ

ಹಿಡಿಯ ತುದಿಗಳಲ್ಲಿ ಹಿತ್ತಾಳೆಯ ಟೋಪಿ, ನಡುವೆ ಹಿತ್ತಾಳೆ ರಿವೆಟ್ ಇರುವ ಚಾಕುಗಳಲ್ಲಿ ಹಸಿರು ಪಾಚಿಯಂಥದ್ದು ಕಾಣುತ್ತದೆ. ಹಳೆಯ ಎಣ್ಣೆಯ ಕೊಬ್ಬಿನ ಆಮ್ಲವೂ ಹಿತ್ತಾಳೆಯೊಳಗಿನ ತಾಮ್ರವೂ ಸೇರಿ ಹುಟ್ಟಿದ ಲವಣ ಅದು. ಚರ್ಮದ ಚೀಲದಲ್ಲಿಟ್ಟರೆ ಬೇಗ ಬರುತ್ತದೆ. ಈ ಹಸಿರಿಗೆ ನಿಂಬೆ, ಹುಣಸೆ ಬೇಡವೇ ಬೇಡ. ಹಲ್ಲುಕಡ್ಡಿಯಲ್ಲಿ ಕೆರೆದು, ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿದರೆ ಬಹುತೇಕ ಬರುತ್ತದೆ. ಮಂಕಾದ ಹಿತ್ತಾಳೆಗೆ ಹುಣಸೆ ಹಚ್ಚುವುದು ನಮಗೆ ರಕ್ತಗತ. ಹುಣಸೆಯ ಟಾರ್ಟಾರಿಕ್ ಆಮ್ಲ ಮೇಲಿನ ಮಂಕನ್ನು ಕರಗಿಸುತ್ತದೆ. ಆದರೆ ದೀಪದ ಕಂಬ ತೊಳೆಯುವಾಗ ಹುಣಸೆ ಹಚ್ಚಿ ಮರೆತುಬಿಟ್ಟರೆ ಅಲ್ಲಲ್ಲಿ ಗುಲಾಬಿ ಬಣ್ಣ ಬರುತ್ತದೆ, ನೋಡಿದ್ದೀರಲ್ವಾ? ಸತು ಹೊರಟುಹೋಗಿ ತಾಮ್ರ ಉಳಿದ ಗುರುತು ಅದು. ಚಾಕುವಿನ ಮೇಲೆ ಹುಣಸೆ ಹಚ್ಚಿದರೆ ಸಂದಿಗೆ ಇಳಿದ ಹುಳಿ ಒಳಗಿನ ಉಕ್ಕಿನ ಸ್ಪ್ರಿಂಗನ್ನು ತಿನ್ನುತ್ತದೆ, ಪಕ್ಕದಲ್ಲಿ ಮೂಳೆ ಇದ್ದರೆ ಅದನ್ನೂ. ಹಚ್ಚಲೇಬೇಕಿದ್ದರೆ ಬಟ್ಟೆಯ ತುದಿಗೆ ಸ್ವಲ್ಪ ತೆಗೆದುಕೊಂಡು ಹಿತ್ತಾಳೆಯ ಮೇಲೆ ಮಾತ್ರ, ಅರ್ಧ ನಿಮಿಷ.

ಅಲ್ಯೂಮಿನಿಯಂ ಹಿಡಿಗೆ ಸಾಮಾನ್ಯವಾಗಿ ಆನೊಡೈಸ್ ಮಾಡಿ, ಅಂದರೆ ವಿದ್ಯುತ್ ಹರಿಸಿ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸಿ, ಬಣ್ಣ ಹಾಕಿರುತ್ತಾರೆ. ಆ ಗಟ್ಟಿ ಪದರ ಗೀರಿಗೆ ಜಗ್ಗುವುದಿಲ್ಲ, ವಾಷಿಂಗ್ ಸೋಡಾ, ಬೂದಿಗೆ ಕರಗುತ್ತದೆ. ಹುಳಿಯೂ ಒಳ್ಳೆಯದಲ್ಲ. ಸಾದಾ ಸೋಪು ಸಾಕು. ಗಾಜಿನ ಎಳೆಯ ಬಟ್ಟೆಗೆ ಎಪಾಕ್ಸಿ ಎಂಬ ಗಟ್ಟಿ ಅಂಟು ಹಾಕಿ ಮಾಡಿದ ಜಿ-10 ಹಿಡಿಗಳು ಏನು ಮಾಡಿದರೂ ತಡೆಯುತ್ತವೆ, ಬ್ರಶ್ಶು ಸೋಪು ಹಾಕಿ ಧಾರಾಳವಾಗಿ ತಿಕ್ಕಿ.

ಕಪ್ಪು, ಹಳದಿ ಕಲೆಗಳು

ಜಿಡ್ಡು ಮೇಲೆ ಕೂರುತ್ತದೆ, ಕಲೆ ಒಳಗೆ ಇಳಿಯುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿದವರ ಬೆರಳು ನೋಡಿದವರಿಗೆ ಕಪ್ಪು ಕಲೆಯ ಪರಿಚಯ ಮಾಡಿಕೊಡಬೇಕಿಲ್ಲ. ಅಡಿಕೆ, ಬಾಳೆಕಾಯಿ, ಮಾವಿನಕಾಯಿಯ ಒಗರಿನಲ್ಲಿ ಟ್ಯಾನಿನ್ ಇದೆ. ಅದಕ್ಕೆ ಕಬ್ಬಿಣ ಸಿಕ್ಕಿದರೆ ನೀಲಿಗಪ್ಪು ಬಣ್ಣ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ಗುಟ್ಟಿನಿಂದ. ನಿಮ್ಮ ಚಾಕುವಿನ ಅಲಗು ಕಾರ್ಬನ್ ಉಕ್ಕಾದರೆ, ಅಡಿಕೆಯ ಒಗರು ಅಲಗಿನಿಂದ ಹಿಡಿಗೆ ಹರಿದು ಮರದಲ್ಲಿ ಮಸಿ ಬರೆಯುತ್ತದೆ. ಮರದಲ್ಲೇ ಟ್ಯಾನಿನ್ ಇದ್ದರೆ ಬರಿ ನೀರು ಸಾಕು, ಕಬ್ಬಿಣದ ರಿವೆಟ್ ಸುತ್ತ ಕಪ್ಪು ಉಂಗುರ ಕಾಣುತ್ತದೆ.

ಸೋಪು ಇದಕ್ಕೆ ಉಪಯೋಗವಿಲ್ಲ, ಇದು ಜಿಡ್ಡೇ ಅಲ್ಲ. ಇಲ್ಲಿ ಹುಳಿ ಬೇಕು. ಮರದ ಹಿಡಿಯ ಕಪ್ಪು ಮಚ್ಚೆಯ ಮೇಲೆ ಹತ್ತಿಯ ಕಡ್ಡಿಯಲ್ಲಿ ನಿಂಬೆರಸ ಮುಟ್ಟಿಸಿ ನೋಡಿ. ಅರ್ಧ ನಿಮಿಷದಲ್ಲಿ ಕಪ್ಪು ಬೂದಾಗುತ್ತದೆ, ಬೂದು ಕಂದಾಗುತ್ತದೆ. ಒರೆಸಿ, ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಒಣಗಿಸಿ. ಇನ್ನೂ ಉಳಿದರೆ ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಹಿಡಿದು ಎಳೆಯುವುದರಲ್ಲಿ ನಿಂಬೆಗಿಂತ ಜೋರು. ಪುಡಿಯಾಗಿ ಸಿಗುತ್ತದೆ, ಆದರೆ ವಿಷ. ಕೈಗವಸು ಬೇಕು, ತಿನ್ನುವ ಪದಾರ್ಥ ಕತ್ತರಿಸುವ ಚಾಕುವಿಗೆ ನಾನು ಬಳಸುವುದಿಲ್ಲ. ಕರಾವಳಿಯವರ ಹಿತ್ತಲಲ್ಲಿ ಬಿಂಬುಳಿ ಮರ ಇದ್ದರೆ ಅದೃಷ್ಟ. ಅದರ ಕಣ್ಣು ಮುಚ್ಚಿಸುವ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇದೆ. ಮಲಯದ ಕಡೆ ಕ್ರಿಸ್ ಎಂಬ ಬಾಕುವಿನ ಅಲಗು ಉಜ್ಜಲು ಇದೇ ಹಣ್ಣು ಬಳಸುತ್ತಿದ್ದರು. ಒಂದು ಹೋಳು ಉಜ್ಜಿ ತೊಳೆದರೆ ಬಟ್ಟೆಯ ತುಕ್ಕಿನ ಕಲೆಯೂ ಮಾಸುತ್ತದೆ.

ಅರಿಸಿನದ ಕಲೆ ಇನ್ನೊಂದು ಥರ. ತಿಳಿಬಣ್ಣದ ಪ್ಲಾಸ್ಟಿಕ್ ಹಿಡಿಗೆ ಹತ್ತಿದ ಅರಿಸಿನಕ್ಕೆ ಬಟ್ಟೆ ಸೋಪು ಹಚ್ಚಿದರೆ ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ. ಹೆದರಬೇಡಿ, ಅರಿಸಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡುವುದಿಲ್ಲವೇ, ಅದೇ ಇದು. ತೊಳೆದರೆ ಮತ್ತೆ ಹಳದಿ. ಅರಿಸಿನದ ಬಣ್ಣಕ್ಕೆ ಮದ್ದು ಬಿಸಿಲು. ಪ್ಲಾಸ್ಟಿಕ್ ಹಿಡಿಯನ್ನು ತೊಳೆದು ಬೆಳಗಿನ ಬಿಸಿಲಿಗೆ ಎರಡು ಮೂರು ಗಂಟೆ ಇಡಿ, ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ. ಮರ, ಮೂಳೆ, ಸೆಲ್ಯುಲಾಯ್ಡ್‌ಗೆ ಈ ಬಿಸಿಲಿನ ಉಪಚಾರ ಬೇಡ.

ಜಿಡ್ಡಲ್ಲದ ಜಿಡ್ಡೂ ಒಂದಿದೆ. ಕೆಲವು ಹೊಸ ಕಾಲದ ಚಾಕು, ಟಾರ್ಚುಗಳ ಹಿಡಿಗೆ ಮೆತ್ತನೆಯ ರಬ್ಬರ್ ಲೇಪ ಇರುತ್ತದೆ. ನಾಲ್ಕೈದು ಮಳೆಗಾಲ ಕಳೆದರೆ ಅದು ಬೆಲ್ಲದ ಪಾಕ ಮುಟ್ಟಿದ ಹಾಗೆ ಅಂಟುತ್ತದೆ. ಎಷ್ಟು ಸೋಪು ಹಾಕಿದರೂ ಮರುದಿನ ಮತ್ತೆ ಅಂಟು. ಯಾಕೆಂದರೆ ಅಲ್ಲಿ ಕೊಳೆಯೇ ಇಲ್ಲ, ಗಾಳಿಯ ತೇವಕ್ಕೆ ಲೇಪವೇ ಒಡೆದುಹೋಗುತ್ತಿದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಆ ಲೇಪವನ್ನು ಪೂರ್ತಿ ಒರೆಸಿ ತೆಗೆಯುವುದೊಂದೇ ದಾರಿ. ಮೊದಲು ಒಂದು ಮೂಲೆಯಲ್ಲಿ ಪ್ರಯತ್ನಿಸಿ. ಒಳಗಿನ ಗಟ್ಟಿ ಪ್ಲಾಸ್ಟಿಕ್ ಚೆನ್ನಾಗಿದ್ದರೆ ಚಾಕು ಇನ್ನೂ ಹತ್ತು ವರ್ಷ ಬರುತ್ತದೆ, ನೋಡಲು ಮಾತ್ರ ಸ್ವಲ್ಪ ಬೋಳು.

ತೊಳೆದ ಮೇಲೆ

ಹೊರಗೆ ಒಣಗಿದ್ದು ಒಳಗೆ ಒಣಗಿರುವುದಿಲ್ಲ. ಅಲಗನ್ನು ಅರ್ಧ ತೆರೆದು, ಕೀಲು ಕೆಳಗೆ ಮಾಡಿ, ಹಳೆಯ ಪೇಪರಿನ ಮೇಲೆ ಫ್ಯಾನಿನ ಕೆಳಗೆ ಇಡಿ. ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಪೇಪರಿನ ಮೇಲೆ ಬೆಳಿಗ್ಗೆ ಕಂದು ಬಣ್ಣದ ಒದ್ದೆ ಗುರುತು ಕಂಡರೆ ಸಂದಿನಲ್ಲಿ ಇನ್ನೂ ಕೊಳೆ ಇದೆ ಅಂತ ಅರ್ಥ, ಇನ್ನೊಂದು ಸುತ್ತು ಹಲ್ಲುಕಡ್ಡಿ.

ಆಮೇಲೆ ಕೀಲಿಗೆ ಎಣ್ಣೆ. ಒಂದು ಹನಿ ಅಂದರೆ ಒಂದೇ ಹನಿ. ಹೊಲಿಗೆ ಮಷಿನ್ ಎಣ್ಣೆ ತೆಳ್ಳಗಿರುತ್ತದೆ, ಖನಿಜ ಎಣ್ಣೆಯಾದ್ದರಿಂದ ಹೆಣೆದುಕೊಂಡು ಅಂಟಾಗುವುದಿಲ್ಲ. ಹಣ್ಣು ಕೊಯ್ಯುವ ಚಾಕುವಾದರೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು, ಅದೂ ಖನಿಜ ಎಣ್ಣೆಯೇ. ಅಲಗನ್ನು ಹತ್ತು ಸಲ ಆಡಿಸಿ, ಹೊರಗೆ ಬಂದ ಎಣ್ಣೆಯನ್ನು ಪೂರ್ತಿ ಒರೆಸಿ. ಹಿಡಿಯ ಮೇಲೆ ಅದರ ಪಸೆ ಉಳಿದರೆ ಮುಂದಿನ ವರ್ಷದ ಕಪ್ಪು ಬತ್ತಿಗೆ ಈಗಲೇ ಬೀಜ ಹಾಕಿದ ಹಾಗೆ.

ಹಲಸಿನ ಚಾಕು ಈಗ ಚೆನ್ನಾಗಿದೆ. ಮೇಣ ಹಿಡಿದಿದ್ದ ಕಡೆ ಮರ ಒಂದಿಷ್ಟು ಗಾಢವಾಗಿದೆ, ಎಣ್ಣೆ ಕುಡಿದದ್ದರಿಂದ ಇರಬೇಕು. ಕೆಂಪು ಹಿಡಿಯ ಚಾಕುವನ್ನೂ ಬಿಸಾಡಿಲ್ಲ. ಪಾರ್ಸೆಲ್ ಡಬ್ಬ ಕತ್ತರಿಸಲು ಅದೇ. ಹೆಬ್ಬೆರಳಿನ ಅಚ್ಚು ಇರುವ ಜಾಗದಲ್ಲೇ ಹೆಬ್ಬೆರಳು ಕೂರುತ್ತದೆ, ಹಿಡಿತ ಮೊದಲಿಗಿಂತ ಗಟ್ಟಿ.